ಬೆಲ್ಟಿನ ಕೆಳಗೆ ಕುಳಿತವರು

ಈಚೆಗೆ ನಮ್ಮ ಹಳೆಯ ವರ್ಕ್‌ಶಾಪಿನಿಂದ ಫೋನ್ ಬಂತು. ಮಾತಾಡಿದವಳು ಮಾಲೀಕರ ಮಗಳು. ಈಗ ಅಲ್ಲಿನ ವ್ಯವಹಾರವೆಲ್ಲ ಅವಳದೇ. ಹೊಸದಾಗಿ ಸೇರಿದವರಿಗೆ ನಾನು ಬಂದು ಒಂದಿಷ್ಟು ಮಾತು ಹೇಳಬೇಕಂತೆ.

"ನಾ ಏನ್ ಹೇಳಲಿ ಬೇ? ನಾ ಎಸ್ಸೆಸ್ಸೆಲ್ಸಿ. ಅವರು ಎಂಜಿನಿಯರಿಂಗ್ ಮುಗಿಸಿ ಬಂದಾರ."

"ಕಾಕಾ, ನೀವು ನಮ್ಮಲ್ಲಿ ಮೊದಲನೇ ಪ್ರಾಡಕ್ಟ್ ಮ್ಯಾನೇಜರ್ ಇದ್ರಿ. ನಿಮಗ ಗೊತ್ತಿಲ್ಲ ಅಷ್ಟ."

"ನನ್ನ ಯಾರೂ ಹಂಗ ಕರೀಲಿಲ್ಲವಾ. ನಿಮ್ಮಪ್ಪ 'ಲೇ' ಅಂತಿದ್ರು."

ಅವಳು ನಕ್ಕು, ಗಾಡಿ ಕಳಿಸುತ್ತೇನೆ ಎಂದಳು. ಬೇಡ, ಬಸ್ಸಿಗೇ ಬರುತ್ತೇನೆ ಎಂದೆ.

ಹೋಗಿ ಮಾತಾಡಿದೆ. ಯಾವ ಮಾಲು ಮಾಡಬೇಕು, ಯಾವುದನ್ನು ಮಾಡಬಾರದು, ಕೈಕೆಳಗಿನವರ ಜೊತೆ ಹೇಗಿರಬೇಕು, ನನಗೆ ತಿಳಿದಷ್ಟು ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದಳು. ತಿಕೋಟಾದಲ್ಲಿ, ಒಣದ್ರಾಕ್ಷಿ ಶೆಡ್ಡಿನಲ್ಲಿ, ಆರಿಸುವ ಹೆಣ್ಣುಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕಲಿತೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ನನಗೆ ಸಲ್ಲುವಂಥದಲ್ಲ. ನೆಲದ ಮೇಲೆ ಕುಳಿತದ್ದು ನಿಜ. ಆದರೆ ದೊಡ್ಡ ಮನಸ್ಸು ಮಾಡಿ ನಾನಾಗಿ ಹೋಗಿ ಕುಳಿತವನಲ್ಲ. ಒಡಹುಟ್ಟಿದ ಅಕ್ಕನನ್ನು ಎದುರಿಗಿಟ್ಟುಕೊಂಡು ಇವಳು ನನಗೆ ಗೊತ್ತಿಲ್ಲ ಎಂದವನು ನಾನು. ಅವಳು ಕುಳಿತ ಜಾಗವನ್ನೇ ಕಿತ್ತುಕೊಳ್ಳುವ ಮಷೀನು ಮಾಡಿಕೊಟ್ಟು, ಅದು ಕೆಲಸಕ್ಕೆ ಬಾರದೆ ಹೋದ ಮೇಲೆ ಕುಳಿತವನು. ಇದನ್ನು ಆ ಮಕ್ಕಳಿಗೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮೂರು ಬಬಲೇಶ್ವರ. ಹತ್ತನೆಯ ಇಯತ್ತೆ ಪಾಸಾದ ಮೇಲೆ, ಹೊಲದ ಸಲಕರಣೆ ಮಾಡುವ ವಿಜಯಪುರದ ಆ ವರ್ಕ್‌ಶಾಪಿಗೆ ಸೇರಿದೆ. ಮೊದಲು ಚಹಾ ತರುವುದು, ಆಮೇಲೆ ಕಬ್ಬಿಣ ಹಿಡಿಯುವುದು, ಆಮೇಲೆ ವೆಲ್ಡಿಂಗ್. ವರ್ಷಗಳು ಕಳೆದಂತೆ, ಮುಂದಿನ ಹಂಗಾಮಿಗೆ ಏನು ಮಾಡೋಣ ಎಂದು ಮಾಲೀಕರು ನನ್ನನ್ನು ಕೇಳತೊಡಗಿದರು. ನಾನು ಹೇಳತೊಡಗಿದೆ. ಹೇಳಿದ್ದು ನಡೆಯತೊಡಗಿತು. ಮಾಲೀಕರ ಮನೆಯಲ್ಲಿ ಉಳಿದವರೆಲ್ಲ ಬ್ಯಾಂಕು, ಕಾಲೇಜು ಎಂದು ನೌಕರಿ ಹಿಡಿದಿದ್ದರು. ಇವರೊಬ್ಬರು ಕಬ್ಬಿಣದ ಹುಚ್ಚಿಗೆ ಬಿದ್ದವರು. ಮಾತು ಕಡಿಮೆ. ಬೈದರೆ ಒಂದೇ ಶಬ್ದದಲ್ಲಿ ಬೈದು ಮುಗಿಸುತ್ತಿದ್ದರು.

ಬೇಸರದಿಂದ ಕೆಲಸಕ್ಕೆ ಹೋದ ದಿನ ನನಗೆ ನೆನಪಿಲ್ಲ. ಬೆಳಗಿನ ಬಸ್ಸಿನ ಕಿಟಕಿಯ ಸೀಟು, ಶೆಟರ್ ಎತ್ತುವಾಗಿನ ಸದ್ದು, ಮಧ್ಯಾಹ್ನ ಎಲ್ಲರ ಬುತ್ತಿಯೂ ಒಂದೇ ಹಾಳೆಯ ಮೇಲೆ ಬಿಚ್ಚಿಕೊಳ್ಳುವುದು, ಇದೆಲ್ಲ ನನಗೆ ಸಿಕ್ಕ ಭಾಗ್ಯ. ದೇವರು ಕೊಟ್ಟದ್ದಕ್ಕೆ ಕೊರತೆ ಹೇಳಲಾರೆ. ಆದರೆ ಕೆಲಸ ಬಂದಂತೆಲ್ಲ ಸೊಕ್ಕೂ ಬಂತು. ಒಮ್ಮೆ ಕಾಖಂಡಕಿಯ ಹತ್ತಿರ ಬಸ್ಸಿನಿಂದ ನೋಡಿದರೆ ನಾವು ಮಾಡಿದ ಟ್ರ್ಯಾಕ್ಟರ್ ಕೂರಿಗೆಯೊಂದು ಹೊಲದಲ್ಲಿ ನಿಂತಿತ್ತು. ಸಂತೋಷದಿಂದ ಇಳಿದು ಹೋದೆ. ರೈತ ಬೀಜದ ಪೆಟ್ಟಿಗೆಯ ಮುಚ್ಚಳ ಕಿತ್ತು, ಅದರ ಬದಲು ಗೋಣಿಚೀಲ ಕಟ್ಟಿದ್ದ. ಬಣ್ಣ ಬೇರೆ ಕೆರೆದುಹೋಗಿತ್ತು. ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳಲೇ ಇಲ್ಲ. ಮಾಲು ಕೆಡಿಸಿದ್ದೀ ಎಂದು ಬೈದು, ಮುಂದಿನ ಬಸ್ಸು ಹತ್ತಿದೆ. ಅವನು ಆ ಮುಚ್ಚಳ ಯಾಕೆ ಕಿತ್ತನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹೊತ್ತಿಗೆ ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಬೆಳೆದು ಒಣಗಿಸುವವರು ಹೆಚ್ಚಾಗಿದ್ದರು. ಕನಮಡಿಯ ದಾರಿಯುದ್ದಕ್ಕೂ ಹಸಿರು ಪರದೆ ಹೊದ್ದ ಶೆಡ್ಡುಗಳು. ಒಳಗೆ ಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಒಣಗುತ್ತದೆ. ಒಣಗಿದ್ದನ್ನು ಕೆಡವಿ, ಕಡ್ಡಿ ತೆಗೆದು, ಕಪ್ಪಾದದ್ದನ್ನೂ ಹಸಿ ಉಳಿದದ್ದನ್ನೂ ಬೇರೆ ಮಾಡುವುದು ಹೆಣ್ಣುಮಕ್ಕಳ ಕೆಲಸ. ನೆಲಕ್ಕೆ ತಾಡಪತ್ರಿ ಹಾಸಿ, ನಡುವೆ ರಾಶಿ ಸುರಿದುಕೊಂಡು, ಸುತ್ತ ಕುಳಿತು ಆರಿಸುತ್ತಾರೆ. ಇದಕ್ಕೊಂದು ಮಷೀನು ಮಾಡಬೇಕೆಂದು ನನಗೆ ಹೊಳೆಯಿತು. ರಬ್ಬರಿನ ಬೆಲ್ಟು ದ್ರಾಕ್ಷಿಯನ್ನು ಹೊತ್ತು ಮುಂದೆ ಸಾಗುತ್ತಿರಬೇಕು, ಹೆಂಗಸರು ಪಕ್ಕದಲ್ಲಿ ನಿಂತು ಆರಿಸಬೇಕು. ಕೆಲಸ ನೋಡಿಕೊಂಡು ಬರಲು ತಿಕೋಟಾದ ಒಬ್ಬ ದೊಡ್ಡ ಬೆಳೆಗಾರರ ಶೆಡ್ಡಿಗೆ ಹೋದೆ. ಊರವರು ಅವರನ್ನು ಸಾವಕಾರರು ಎನ್ನುತ್ತಿದ್ದರು.

ಸಾವಕಾರರು ನನಗೆ ಬಾಗಿಲ ಬಳಿ ಕುರ್ಚಿ ಹಾಕಿಸಿದರು. ಹನ್ನೆರಡು ಹೆಂಗಸರು ರಾಶಿಯ ಸುತ್ತ ಕುಳಿತಿದ್ದರು. ಒಳಬದಿಯಲ್ಲಿ, ಗೋಡೆಗೆ ಬೆನ್ನು ಮಾಡಿ ನಮ್ಮಕ್ಕ ಕುಳಿತಿದ್ದಳು.

ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದೆವು. ಭಾವ ಕುರಿ-ಆಡು ಕಾಯುವ ಮನುಷ್ಯ. ಅಕ್ಕ ದ್ರಾಕ್ಷಿ ಕೆಲಸಕ್ಕೆ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ಯಾವ ಶೆಡ್ಡಿಗೆ ಎಂದು ಗೊತ್ತಿರಲಿಲ್ಲ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮುಖ ಅರಳಿತು. ಏನೋ ಹೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಸಾವಕಾರರು ಕೇಳಿದರು:

"ನೀವೂ ಈ ಕಡೇದವರ ಅಲ್ರಿ? ಇದರಾಗ ಯಾರರ ಪರಿಚಯದವರು ಅದಾರೇನು?"

ನಾನು ಇಸ್ತ್ರಿ ಅಂಗಿ ಹಾಕಿದ್ದೆ. ಜೇಬಿನಲ್ಲಿ ಪೆನ್ನಿತ್ತು. ಕುರ್ಚಿಯ ಮೇಲಿದ್ದೆ. "ಇಲ್ರಿ, ಯಾರೂ ಇಲ್ಲ" ಎಂದೆ.

ಅಕ್ಕ ಸೆರಗು ಸರಿಮಾಡಿಕೊಂಡು ತಲೆ ಬಗ್ಗಿಸಿದಳು. ಆಮೇಲೆ ನನ್ನ ಕಡೆ ನೋಡಲಿಲ್ಲ.

ನಾನು ಗಡಿಯಾರ ನೋಡುತ್ತ, ಯಾರು ಎಷ್ಟು ಟ್ರೇ ತುಂಬುತ್ತಾರೆ ಎಂದು ಗಮನಿಸುತ್ತ ಕುಳಿತೆ. ಬಾಗಿಲ ಕಡೆ ಕುಳಿತ ಆರು ಮಂದಿ ಚಕಚಕನೆ ತುಂಬಿ ಇಡುತ್ತಿದ್ದರು. ಒಳಬದಿಯವರ ಮುಂದೆ ಟ್ರೇಗಳೇ ತುಂಬುತ್ತಿರಲಿಲ್ಲ. ಎಲ್ಲರಿಗಿಂತ ನಿಧಾನ ನಮ್ಮಕ್ಕ. ಮೇಲೆ ಮಾತು ಬೇರೆ. ಒಬ್ಬಳ ಸೊಸೆಯ ಸುದ್ದಿ ಮುಗಿಯುವುದರೊಳಗೆ ಇನ್ನೊಬ್ಬಳ ಎಮ್ಮೆಯ ಸುದ್ದಿ. ಇದೆಲ್ಲ ದಂಡ ಎಂದುಕೊಂಡೆ. ಹೊರಡುವಾಗ ಸಾವಕಾರರಿಗೆ, ನನ್ನ ಮಷೀನು ಬಂದರೆ ನಿಮಗೆ ಆರು ಮಂದಿ ಸಾಕು ಎಂದೆ. ಯಾವ ಆರು ಮಂದಿ ಎಂದು ಕೇಳಿದರು. ಬಾಗಿಲ ಕಡೆಯವರನ್ನು ತೋರಿಸಿದೆ. ಅಕ್ಕನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಕೆಲಸ ಹೋಗಲು ನಾನು ಆಡದೆ ಇದ್ದದ್ದೇ ಸಾಕಾಗಿತ್ತು.

ಬಸ್ಸಿನಲ್ಲಿ ಬರುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಧಂದೆ ಬೇರೆ, ಸಂಬಂಧ ಬೇರೆ. ಮನೆಯವರೆಂದು ಪಕ್ಷಪಾತ ಮಾಡಲಿಲ್ಲ ಎಂಬ ಹೆಮ್ಮೆ ಕೂಡ ಬಂತು. ಎಂಥ ಹೆಮ್ಮೆ ಅದು!

ಬೆಲ್ಟು ಮಾಡುವಾಗ ಮಾಲೀಕರು ಒಂದೇ ಪ್ರಶ್ನೆ ಕೇಳಿದ್ದರು: "ಆ ಹೆಣ್ಮಕ್ಕಳನ್ನ ಕೇಳಿದೇನಲೇ?"

"ಅವರನ್ನ ಕೇಳೂದೇನೈತ್ರಿ? ಕಣ್ಣಾರೆ ನೋಡಿ ಬಂದೀನಲ್ಲ."

ಅವರು ಮತ್ತೆ ಕಬ್ಬಿಣಕ್ಕೆ ಕೈಹಾಕಿದರು. ನನ್ನನ್ನು ನಂಬಿದ್ದರು.

ಮುಂದಿನ ಹಂಗಾಮು ಶುರುವಾಗುವ ಹೊತ್ತಿಗೆ ಮಷೀನು ತಿಕೋಟಾ ಸೇರಿತು. ಸೊಂಟದೆತ್ತರ, ಉದ್ದಕ್ಕೆ ಒಂದೇ ಸಾಲು, ಎಲ್ಲರ ಮುಖ ಗೋಡೆಯ ಕಡೆ. ಸಾವಕಾರರು ನಾನು ತೋರಿಸಿದ ಆರು ಮಂದಿಗೆ ನಾಳೆ ಬನ್ನಿ ಎಂದರು, ಉಳಿದ ಆರು ಮಂದಿಗೆ ಬೇಡ ಎಂದರು. ಮೋಟಾರು ಚಾಲೂ ಮಾಡಿ ತೋರಿಸಿ ನಾನು ಊರಿಗೆ ಬಂದೆ. ಮರುದಿನ ವರ್ಕ್‌ಶಾಪಿನಲ್ಲಿ ಇನ್ನೂ ಚಹಾ ಕುಡಿದಿರಲಿಲ್ಲ, ಸಾವಕಾರರ ಫೋನ್ ಬಂತು.

"ಯಪ್ಪಾ, ಎಂಥಾ ಮಷೀನ್ ಕೊಟ್ಟೀರಿ? ಆರ ಮಂದಿ ಸಾಕಂದ್ರಿ. ಇಲ್ಲಿ ಹನ್ನೆರಡೂ ಮಂದಿ ಬಂದು ಕುಂತಾರ!"

"ನೀವು ಕರೀಲಿಲ್ಲಂದ್ರ ಅವರು ಹ್ಯಾಂಗ ಬಂದ್ರು?"

"ಅದನ್ನ ನೀವ ಬಂದು ಕೇಳ್ರಿ!"

ಮಾಲೀಕರೂ ಜೊತೆಗೆ ಹೊರಟರು. ಶೆಡ್ಡಿನೊಳಗೆ ಹೋದಾಗ ಕಂಡದ್ದು ಇದು: ಆರು ಮಂದಿ ಬೆಲ್ಟಿಗೆ ನಿಂತಿದ್ದಾರೆ. ಉಳಿದ ಆರು ಮಂದಿ ಬೆಲ್ಟಿನ ಕೆಳಗೆ, ಕಬ್ಬಿಣದ ಕಾಲುಗಳ ನಡುವೆ, ತಾಡಪತ್ರಿ ಹಾಸಿಕೊಂಡು ಕುಳಿತಿದ್ದಾರೆ. ನಡುವೆ ಅಕ್ಕ.

ಸಾವಕಾರರು ಅವರಿಗೆ ಹೇಳುತ್ತಿದ್ದರು: "ನಿಮಗ ಪಗಾರಿಲ್ಲ ಅಂತ ಹೇಳೀನಿ. ಏಳ್ರಿ ಮ್ಯಾಲ."

"ಪಗಾರ ಕೇಳಿದವರ್ಯಾರ್ರಿ?" ಎಂದಳು ಕೆಳಗೆ ಕುಳಿತ ಒಬ್ಬ ದಪ್ಪನೆಯ ಹೆಂಗಸು. "ನಾವು ಇವರಿಗೆ ಮುಯ್ಯಾಳು ಬಂದೇವಿ."

ನಮ್ಮ ಕಡೆ ಒಬ್ಬರ ಹೊಲದಲ್ಲಿ ಕಳೆ ತೆಗೆಯುವುದಿದ್ದರೆ ಉಳಿದವರು ಕೂಲಿಯಿಲ್ಲದೆ ಹೋಗಿ ದುಡಿಯುತ್ತಾರೆ. ಇನ್ನೊಂದು ದಿನ ಅವರು ಇವರ ಹೊಲಕ್ಕೆ ಬಂದು ದುಡಿಯುತ್ತಾರೆ. ಅದೇ ಮುಯ್ಯಿ. ಈ ಹನ್ನೆರಡು ಮಂದಿ ಎಷ್ಟೋ ವರ್ಷಗಳಿಂದ ಹೊಲದಲ್ಲಿ ಹಾಗೆ ಕೂಡಿ ದುಡಿದವರು. ಅದೇ ಗುಂಪು ದ್ರಾಕ್ಷಿ ಹಂಗಾಮಿಗೆ ಶೆಡ್ಡಿಗೆ ಬರುತ್ತಿತ್ತು. ಅವರನ್ನು ಆರು-ಆರು ಎಂದು ಒಡೆಯಬಹುದು ಎಂದುಕೊಂಡಿದ್ದೆನಲ್ಲ, ನಾನೂ ಅದೇ ಸೀಮೆಯ ಹೊಲಗಳಲ್ಲಿ ಬೆಳೆದವನು, ನನಗೆ ಅದು ಹೊಳೆಯದೆ ಹೋಯಿತು.

"ಇದು ಹೊಲ ಅಲ್ಲ ಬೇ, ಶೆಡ್!" ಎಂದರು ಸಾವಕಾರರು.

"ಇರಲೇಳ್ರಿ. ಬೇಕಾದ್ರ ನಿಮ್ಮ ಮಷೀನಿಗೂ ಒಂದಿನ ಮುಯ್ಯಿ ಮಾಡ್ತೇವಿ. ಪಾಪ, ಒಂದ ಸವನ ಒದ್ದಾಡಾಕತ್ತೈತಿ."

ಒದ್ದಾಡುತ್ತಿದ್ದದ್ದು ನಿಜ. ಬೆಲ್ಟಿನ ಮೇಲಿಂದ ಕಡ್ಡಿ ಸಮೇತ ದ್ರಾಕ್ಷಿ ಸಾಗಿಬಂದು ಟ್ರೇಗೆ ಬೀಳುತ್ತಿತ್ತು. ನಾನು ಚುರುಕು ಎಂದು ಆರಿಸಿದ ಆರು ಮಂದಿಯ ಕೈ ಓಡುತ್ತಲೇ ಇರಲಿಲ್ಲ. ಕಡ್ಡಿ ಕೀಳಲು ಹೋದರೆ ಕಪ್ಪು ಕಾಳು ದಾಟಿಹೋಗುತ್ತಿತ್ತು, ಕಪ್ಪನ್ನು ಹಿಡಿದರೆ ಕಡ್ಡಿ. ಒಬ್ಬಳು ಬೆಲ್ಟಿನ ಮೇಲಿಂದ ಬೊಗಸೆ ತುಂಬಿ ಕೆಳಗೆ ಸುರಿದಳು. ಕೆಳಗಿದ್ದವರು ಕಡ್ಡಿ ಬಿಡಿಸಿ, ಹಸಿಯದನ್ನು ಸೆರಗಿಗೆ ಹಾಕಿಕೊಂಡು, ಉಳಿದದ್ದನ್ನು ಬುಟ್ಟಿಯಲ್ಲಿ ಮೇಲೆತ್ತಿ ಕೊಟ್ಟರು. ಆಗ ಮೇಲಿನವರ ಕೈ ಮತ್ತೆ ಚಕಚಕನೆ ಓಡಿತು.

ಅವತ್ತು ಕುರ್ಚಿಯ ಮೇಲೆ ಕುಳಿತು ನಾನು ಕಂಡಿದ್ದೂ ಇದೇ. ಒಳಬದಿಯವರು ಬಿಡಿಸಿ ಮುಂದಕ್ಕೆ ತಳ್ಳುತ್ತಿದ್ದರು, ಬಾಗಿಲ ಕಡೆಯವರು ತುಂಬಿ ಇಡುತ್ತಿದ್ದರು. ನಾನು ತುಂಬಿದ ಟ್ರೇಗಳನ್ನಷ್ಟೇ ಲೆಕ್ಕ ಹಿಡಿದಿದ್ದೆ.

ಸಾವಕಾರರ ತಾಳ್ಮೆ ಮುಗಿದಿತ್ತು. "ನಾಳಿಂದ ಗೇಟ್ ಹಾಕಸ್ತೀನಿ. ಈ ಮುದುಕ್ಯಾರನ್ನ ಒಳಗ ಬಿಡೂದಿಲ್ಲ. ಹೊಸಾ ಗ್ಯಾಂಗ್ ತರ್ತೀನಿ" ಎಂದು ನನ್ನ ಕಡೆ ತಿರುಗಿದರು. "ನೀವ ಹೇಳ್ರಿ. ತಪ್ಪು ಮಷೀನಿಂದೋ, ಇವರದೋ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇವರಿಗೆ ರೂಢಿಯಿಲ್ಲ, ಒಂದು ವಾರ ಕೊಟ್ಟರೆ ಸರಿಹೋಗುತ್ತದೆ. ಇಷ್ಟು ಹೇಳಿದ್ದರೆ ನನ್ನ ಮಷೀನೂ ಉಳಿಯುತ್ತಿತ್ತು, ಮಾಲೀಕರ ಮುಂದೆ ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಅಕ್ಕನಿಗೆ ಮಾತ್ರ ಆ ಶೆಡ್ಡಿನ ಬಾಗಿಲು ಅವತ್ತೇ ಮುಚ್ಚುತ್ತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಡ್ಡಿ ಬಿಡಿಸುತ್ತಿದ್ದಳು. ನನ್ನಿಂದ ಏನನ್ನೂ ಬಯಸದ ಹಾಗೆ ಬಿಡಿಸುತ್ತಿದ್ದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ತಪ್ಪು ನಂದ್ರಿ" ಎಂದೆ. "ಇವರ ಕೆಲಸ ನನಗ ತಿಳೀಲಿಲ್ಲ. ಮತ್ತ... ಅಕಿ ನಮ್ಮಕ್ಕ. ಅವತ್ತ ನೀವು ಕೇಳಿದಾಗ ಸುಳ್ಳ ಹೇಳಿದೆ."

ಬೆಲ್ಟಿನ ಕೆಳಗಿನಿಂದ ಅದೇ ದಪ್ಪನೆಯ ಹೆಂಗಸು, "ಈಗ ನೆನಪಾತೇನೋ ಯಪ್ಪಾ, ಅಕ್ಕ ಅದಾಳಂತ?" ಎಂದಳು. ಎಲ್ಲರೂ ಹೋ ಎಂದು ನಕ್ಕರು. ಅಕ್ಕ ನಗಲಿಲ್ಲ.

ಮಾಲೀಕರು ಹೋಗಿ ಮೋಟಾರು ಬಂದ್ ಮಾಡಿದರು. "ಮಷೀನ್ ನಾವು ವಾಪಸ್ ಒಯ್ತೇವ್ರಿ. ಈ ಹಂಗಾಮು ನಿಮ್ಮ ಮಂದಿ ಹಳೇ ಪದ್ಧತಿಲೇ ಮಾಡ್ಲಿ. ಗ್ಯಾಂಗ್ ಮುರೀಬ್ಯಾಡ್ರಿ" ಎಂದು ಸಾವಕಾರರಿಗೆ ಕೈಮುಗಿದರು. ಸಾವಕಾರರು ಗೊಣಗುತ್ತ ಒಪ್ಪಿದರು. ಹಂಗಾಮು ಶುರುವಾದ ಮೇಲೆ ಹೊಸ ಗ್ಯಾಂಗು ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆಮೇಲೆ ಮಾಲೀಕರು ನನಗೆ ಹೇಳಿದ್ದು ಇಷ್ಟೇ: "ನೀ ಇಲ್ಲೇ ಇರು. ಆರಸೂದು ಕಲ್ತು ಬಾ."

ಬೈಗುಳವಿಲ್ಲ. ಮುಂದೆಯೂ ಆ ಮಾತು ಎತ್ತಲಿಲ್ಲ, ಒಂದು ಸಲವೂ. ದೊಡ್ಡವರಾಗಿರುವುದು ಎಂದರೆ ಏನೆಂದು ನನಗೆ ತೋರಿಸಿದವರು ಅವರು. ಈಗ ಅವರಿಲ್ಲ. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ ಅವರನ್ನೂ ನೆನೆಯುತ್ತೇನೆ.

ನಾನು ಬೆಲ್ಟಿನ ಕೆಳಗೆ, ಅಕ್ಕನ ಎದುರಿಗೆ ಕುಳಿತೆ. ಅವಳು ರಾಶಿಯಿಂದ ಒಂದು ಪಾಲು ನನ್ನ ಮುಂದೆ ತಳ್ಳಿದಳು. ಮಧ್ಯಾಹ್ನದ ಹೊತ್ತಿಗೆ, "ಪ್ಯಾಂಟ್ ಮಡಚು. ಅಂಟ ಹತ್ತೈತಿ" ಎಂದಳು. ಅವಳ ಮೊದಲ ಮಾತು ಅದು.

ಒಂದು ವಾರ ದಿನವೂ ಬಸ್ಸಿಗೆ ಬಂದು ಹೋಗಿ ಮಾಡಿದೆ. ಬೆರಳುಗಳು ಅಂಟಂಟಾಗಿ ಉರಿಯುತ್ತಿದ್ದವು. ಬೆನ್ನು ಹಿಡಿದುಕೊಳ್ಳುತ್ತಿತ್ತು. ಸಂಜೆ ಏಳುವಾಗ ಗೋಡೆ ಹಿಡಿದು ಏಳಬೇಕಾಗುತ್ತಿತ್ತು. ಹೆಂಗಸರು ನನ್ನನ್ನು ಸುಮ್ಮನೆ ಬಿಡಲಿಲ್ಲ.

"ಸಾಹೇಬ್ರು ಇವತ್ತ ಎಷ್ಟ ಟ್ರೇ ತುಂಬಿದ್ರಿ?"

"ಒಂದೂ ಇಲ್ಲಬೇ."

"ಹಂಗಾರ ನಾಳೆ ಬರಬ್ಯಾಡ್ರಿ!"

ಮತ್ತೆ ನಗು. ಆ ನಗುವಿನಲ್ಲಿ ಮೊನಚಿತ್ತು, ಆದರೆ ನನ್ನನ್ನು ಹೊರಗಿಡುವ ನಗುವಲ್ಲ. ಅವರ ಹರಟೆಯನ್ನು ದಂಡ ಎಂದಿದ್ದೆನಲ್ಲ, ಕೆಳಗೆ ಕುಳಿತ ಮೇಲೆ ಬೇರೆ ತೋರಿತು. ಸೊಸೆಯ ಸುದ್ದಿಯ ನಡುವೆಯೇ ಒಬ್ಬಳು "ಹಸಿ ಬಂತು ನೋಡ್ರೆ" ಎನ್ನುತ್ತಿದ್ದಳು, ಎಲ್ಲರ ಕೈ ಅತ್ತ ಹರಿಯುತ್ತಿತ್ತು, ಸೊಸೆಯ ಸುದ್ದಿ ಮುಂದುವರಿಯುತ್ತಿತ್ತು. ಮುಖ ಗೋಡೆಗೆ ಮಾಡಿ ನಿಲ್ಲಿಸಿ, ಮೇಲೆ ಮೋಟಾರಿನ ಸದ್ದು ಹಾಕಿ, ನಾನು ಆ ದಾರಿಯನ್ನೇ ಮುಚ್ಚಿದ್ದೆ.

ಒಂದು ದಿನ ಊಟದ ಹೊತ್ತಿಗೆ ಅಕ್ಕ ತನ್ನ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕಡೆ ಸರಿಸಿದಳು. ಇಷ್ಟು ವಯಸ್ಸಾದ ಮೇಲೆ ಈ ಕೆಲಸ ಯಾಕೆ, ಮನೆಯಲ್ಲಿ ಇರಬಾರದೇ ಎಂದೆ. ನನ್ನ ಮೂರ್ಖತನ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಮನ್ಯಾಗ ನನ್ನ ಮಾತು ಆಡು ಅಷ್ಟ ಕೇಳ್ತಾವ" ಎಂದಳು. "ನಿಮ್ಮ ಭಾವಗ ಮಾತ ಬರೂದಿಲ್ಲ, ನಿನಗ ಗೊತ್ತೈತಿ. ಇಲ್ಲಿ ಕುಂತ್ರ ನಾ ಒಬ್ಬಾಕಿ ಅದೀನಿ ಅಂತ ಮಂದೀಗೆ ಗೊತ್ತಾಗ್ತೈತಿ. ನನ್ನ ಕೈಯಿಂದ ಹೋದ ಕಾಳು ಕೆಟ್ಟೈತಂತ ವಾಪಸ್ ಬರೂದಿಲ್ಲ. ಆ ಸುಖ ನಿನಗ ತಿಳೀತೈತೋ ಇಲ್ಲೋ."

ತಿಳಿಯಿತು. ನಾನು ಬೆಳಗಿನ ಬಸ್ಸು ಹತ್ತುತ್ತಿದ್ದದ್ದೂ ಅದೇ ಸುಖಕ್ಕೆ. ನನ್ನ ಸುಖ ನನಗೆ ಗೊತ್ತಿತ್ತು. ಅವಳಿಗೂ ಅದು ಇರಬಹುದೆಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಬೆಲ್ಟನ್ನು ಬಿಚ್ಚಿ ಮತ್ತೆ ಮಾಡಿದೆವು. ಮುಂದಿನ ಹಂಗಾಮಿಗೆ ಒಯ್ದದ್ದು ಮತ್ತೆ ಕೈಕೊಟ್ಟಿತು. ಬೆಲ್ಟು ಹೊಸೆದುಕೊಂಡು ದ್ರಾಕ್ಷಿಯೆಲ್ಲ ಜಜ್ಜಿಹೋಯಿತು. ಈ ಸಲ ನಾನು ಯಾರನ್ನೂ ದೂರಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು, ಏನು ಮಾಡೋಣ ಹೇಳಿ ಎಂದು ಕೇಳಿದೆ. ಅದರ ಮರುವರ್ಷ ಸರಿಯಾದದ್ದು ಬಂತು. ಕುಳಿತು ಆರಿಸುವಷ್ಟು ತಗ್ಗು, ಎರಡೂ ಬದಿ ಎದುರುಬದುರು ಕೂಡುವ ಜಾಗ, ಮೊದಲ ತುದಿ ಅಗಲವಾಗಿ ಕಡ್ಡಿ ಬಿಡಿಸುವವರಿಗೆ, ಮೋಟಾರು ಗೋಡೆಯಾಚೆ. ಅದು ಒಬ್ಬರನ್ನೂ ಕಡಿಮೆ ಮಾಡಲಿಲ್ಲ. ಬುಟ್ಟಿ ಎತ್ತುವುದನ್ನು, ಬೆನ್ನು ನೋವನ್ನು ಕಡಿಮೆ ಮಾಡಿತು. ಸುತ್ತಲಿನವರ ದ್ರಾಕ್ಷಿಯೂ ಆ ಶೆಡ್ಡಿಗೇ ಬರತೊಡಗಿತು, ಹನ್ನೆರಡು ಮಂದಿಯೂ ಬೇಕಾದರು. ಸಾವಕಾರರು ಬಂದವರಿಗೆಲ್ಲ, ಈ ಮಷೀನು ತಾವೇ ಹೇಳಿ ಮಾಡಿಸಿದ್ದು ಎನ್ನುತ್ತಿದ್ದರು. ಅನ್ನಲಿ ಬಿಡಿ.

ಅಕ್ಕ ಆ ಅಗಲದ ತುದಿಯಲ್ಲಿ ಹಲವು ಹಂಗಾಮು ಕುಳಿತಳು. ಕಣ್ಣು ಮಂಜಾದ ವರ್ಷ, ಹಸಿಯ ಕಾಳೊಂದು ತನ್ನ ಕೈ ತಪ್ಪಿ ಹೋದದ್ದು ಗೊತ್ತಾದ ದಿನ, ತನ್ನ ಜಾಗದಲ್ಲಿ ಇನ್ನೊಬ್ಬಳನ್ನು ತಾನೇ ಕರೆತಂದು ಕೂರಿಸಿದಳು. ಸ್ವಲ್ಪ ದಿನ ಪಕ್ಕದಲ್ಲಿದ್ದು ತೋರಿಸಿಕೊಟ್ಟಳು. ಆಮೇಲೆ ಬಿಟ್ಟಳು. ಸುಮ್ಮನೆ ಬಂದು ಕುಳಿತು ಹೋಗು ಎಂದು ಸಾವಕಾರರು ಜೀಪು ಕಳಿಸಿದರೂ ಹೋಗಲಿಲ್ಲ. ಅವಳನ್ನು ಯಾರೂ ಬಿಡಿಸಲಿಲ್ಲ. ನನ್ನ ಕೈಯಿಂದ ಹೋಗಬೇಕಾಗಿದ್ದ ಆ ಜಾಗವನ್ನು ಅವಳೇ ತನ್ನ ಕೈಯಾರೆ ಬಿಟ್ಟುಕೊಟ್ಟಳು. ಇದಕ್ಕಾಗಿ ನಾನು ಯಾರಿಗೆ ಎಷ್ಟು ಕೈಮುಗಿದರೂ ಸಾಲದು. ಅದೇ ವರ್ಷ ನಾನೂ ಮಾಲೀಕರಿಗೆ ಸಾಕು ಎಂದು ಹೇಳಿ ಕೆಲಸ ಬಿಟ್ಟೆ.

ಈಗ ಅಕ್ಕ ಆಗಾಗ ಬಬಲೇಶ್ವರಕ್ಕೆ ಬಂದು ನಾಲ್ಕು ದಿನ ಇರುತ್ತಾಳೆ. ಸಂತೆಗೆ ಕೈಹಿಡಿದು ಕರೆದೊಯ್ಯುತ್ತೇನೆ. ಕಣ್ಣು ಕಾಣದಿದ್ದರೂ ಒಣದ್ರಾಕ್ಷಿ ಮಾರುವವನ ಮುಂದೆ ನಿಂತು, ಒಂದು ಕಾಳು ಹಿಸುಕಿ ನೋಡಿ, ಇದು ಹಸಿ ಎಂದು ಅವನ ಜೊತೆ ಜಗಳ ತೆಗೆಯುತ್ತಾಳೆ. ಹೋದ ಸಲ ಸಂತೆಯಿಂದ ಬರುವಾಗ ಮನಸ್ಸು ಗಟ್ಟಿ ಮಾಡಿ ಕೇಳಿದೆ.

"ಯಕ್ಕಾ, ಅವತ್ತ ನಾ ಹಂಗ ಅಂದದ್ದು... ಆ ಸಿಟ್ಟು ಹೋಗೇತೇನ?"

ಅವಳು ಸಂತೆಯ ಚೀಲವನ್ನು ನನ್ನ ಕೈಗೆ ಕೊಟ್ಟಳು.

"ಅರ್ಧ ಹೋಗೇತಿ" ಎಂದಳು.

"ಉಳಿದ ಅರ್ಧ?"

"ಅದನ್ನ ಇಟ್ಟುಕೊಂಡೇನಿ. ನೀ ಮತ್ತ ದೊಡ್ಡ ಮನಷ್ಯಾ ಆದಿ ಅಂದ್ರ ಬೇಕಾಗ್ತೈತಿ."

ಹೀಗೆಂದು ನನ್ನ ತೋಳು ಹಿಡಿದುಕೊಂಡಳು, ರಸ್ತೆ ದಾಟಬೇಕಾಗಿತ್ತು.